ಮನೆ ನಿಮ್ಮದು, ಫ್ಯಾನು ಯಾರದು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿ ಕೊಡಗಿನಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಮೇಲಿವೆ. ಮನೆಯನ್ನೋ, ಮನೆ ಸಮೇತ ತೋಟವನ್ನೋ ಕೊಳ್ಳುವಾಗ ಒಳಗಿನ ಸಾಮಾನು ಯಾರ ಪಾಲು? ಬೆಲೆ ಕುದುರಿ ಮುಂಗಡ ಕೊಟ್ಟ ಮೇಲೆ ಈ ಮಾತು ಎತ್ತಿದವರೇ ಜಾಸ್ತಿ. ಅಷ್ಟು ಹೊತ್ತಿಗೆ ಹಗ್ಗ ಎದುರಿನವರ ಕೈಯಲ್ಲಿರುತ್ತದೆ.

ಪ್ರಶ್ನೆ: ಮೂರ್ನಾಡಿನ ಹತ್ತಿರ ಹಳೆಯ ಹೆಂಚಿನ ಮನೆಯೊಂದನ್ನು ನೋಡಿದ್ದೇವೆ. ಜಗಲಿಯಲ್ಲಿ ಕೆತ್ತನೆಯ ಕಂಬ, ಐಮರ (ಕಂಬಗಳ ನಡುವೆ ಕೂರಲು ಹಾಕಿದ ಮರದ ಹಲಗೆ). ಒಳಗೆ ಬೀಟೆಯ ಮಂಚ, ಅಲ್ಮೇರಾ. ಬಚ್ಚಲಿನಲ್ಲಿ ತಾಮ್ರದ ಹಂಡೆ. ಮೊದಲು ಹೋದಾಗ ಮನೆಯವರು "ಎಲ್ಲ ಇದ್ದ ಹಾಗೇ ಬಿಟ್ಟುಹೋಗ್ತೇವೆ" ಅಂದರು. ಈಗ ಬ್ರೋಕರ್ "ಮರದ ಸಾಮಾನು ಬೇರೆ ಲೆಕ್ಕ" ಅನ್ನುತ್ತಿದ್ದಾರೆ. ಯಾವುದು ನಮಗೆ ಬರಬೇಕು? (ವಿರಾಜಪೇಟೆ)

ಮೊದಲು ಕಾನೂನು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಮನೆಯ ಜೊತೆಗೆ ಅದರ ಬೀಗ, ಬೀಗದ ಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯಲ್ಲಿ ಕಾಯಂ ಬಳಕೆಗೆಂದು ಒದಗಿಸಿದ ಉಳಿದೆಲ್ಲ ವಸ್ತುಗಳೂ ಕೊಂಡವರಿಗೆ ಸೇರುತ್ತವೆ. ಕಂಬ, ಐಮರ, ಬಾಗಿಲುವಾಡ, ಗೋಡೆಯೊಳಗೆ ಕೂರಿಸಿದ ಬೀರು ಮನೆಯ ಅಂಗಗಳು. ಅವಕ್ಕೆ ಬೇರೆ ಬೆಲೆ ಕೇಳುವುದು ನ್ಯಾಯವಲ್ಲ. ಮಂಚ, ನಿಂತಿರುವ ಅಲ್ಮೇರಾ, ಕುರ್ಚಿ ಚರ ಸೊತ್ತು. ಬರೆಯದಿದ್ದರೆ ಅವು ಮಾರುವವರದೇ. ಹಂಡೆಯದು ನಡುವಿನ ಲೆಕ್ಕ. ಒಲೆಯ ಸುತ್ತ ಗಾರೆ ಹಾಕಿ ಕಟ್ಟಿ, ನಲ್ಲಿ ಜೋಡಿಸಿದ್ದರೆ ಅದು ಬಚ್ಚಲಿನ ಭಾಗ. ಮೂರು ಕಲ್ಲಿನ ಮೇಲೆ ಇಟ್ಟಿದ್ದರೆ ಬರೀ ಪಾತ್ರೆ.

ತಕರಾರು ಬಂದಾಗ ನೋಡುವುದು ಎರಡನ್ನು: ಎಷ್ಟು ಗಟ್ಟಿಯಾಗಿ ಜೋಡಿಸಿದ್ದಾರೆ, ಯಾತಕ್ಕೆ ಜೋಡಿಸಿದ್ದಾರೆ. ಮನೆಯ ಅನುಕೂಲಕ್ಕೆ ಜೋಡಿಸಿದ್ದರೆ ಮನೆಯ ಜೊತೆ ಹೋಗುತ್ತದೆ. ಆ ವಸ್ತು ಅಲ್ಲಾಡದೆ ನಿಲ್ಲಲಿ ಎಂದು ಎರಡು ಸ್ಕ್ರೂ ಹಾಕಿದ್ದರೆ ಹೋಗಬೇಕಿಲ್ಲ. ಆದರೆ ಫ್ಯಾನು, ಗೀಸರ್, ಯುಪಿಎಸ್, ಅಡುಗೆಮನೆ ಚಿಮಣಿ, ನೀರಿನ ಫಿಲ್ಟರ್, ಪರದೆ ಕಂಬಿ, ಟಿವಿ ಸ್ಟ್ಯಾಂಡ್, ಅಲಂಕಾರದ ದೀಪ, ಇವುಗಳ ವಿಷಯದಲ್ಲಿ ಎರಡೂ ಕಡೆ ವಾದ ಮಾಡಬಹುದು. ಹತ್ತು ಸಾವಿರದ ಗೀಸರ್‌ಗಾಗಿ ಯಾರೂ ಕೋರ್ಟಿಗೆ ಹೋಗುವುದಿಲ್ಲ. ಬರೆದುಕೊಂಡವರಿಗೆ ಅದು ಉಳಿಯುತ್ತದೆ.

ಈಗ ಮಾತಾಡುವ ಬಗೆ. "ಏನೇನು ಬಿಟ್ಟುಹೋಗ್ತೀರಿ?" ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವರು ಪ್ರತಿಯೊಂದಕ್ಕೂ ಬೆಲೆ ಕಟ್ಟಲು ಕೂರುತ್ತಾರೆ. "ಏನೇನು ತಗೊಂಡು ಹೋಗ್ತೀರಿ?" ಎಂದು ಕೇಳಿ. ಬಾಯಿಗೆ ಬರುವುದು ಏಳೆಂಟು ವಸ್ತು. ಅಷ್ಟನ್ನೇ ಬರೆದುಕೊಂಡು, "ಇವು ಬಿಟ್ಟು ಉಳಿದದ್ದೆಲ್ಲ ಇರುತ್ತೆ ಅಲ್ವಾ?" ಎಂದು ಅಲ್ಲೇ ಖಚಿತ ಮಾಡಿಕೊಳ್ಳಿ. ಈ ಮಾತು ಬೆಲೆ ಕೊನೆಯಾಗುವ ಮೊದಲೇ ಆಗಬೇಕು. ಆಮೇಲಾದರೆ ಒಂದೊಂದು ಕುರ್ಚಿಯೂ ಹೊಸ ವ್ಯಾಪಾರ.

ಮನೆಯ ಯಜಮಾನರ ಜೊತೆ ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇದ್ದರೆ ಅವರ ಎದುರಲ್ಲೇ ಕೋಣೆ ಕೋಣೆ ಸುತ್ತಿ. ಕೊಡಗಿನ ಹಳೆ ಮನೆಗಳಲ್ಲಿ ಸಾಮಾನಿಗೂ ಪಾಲುದಾರರಿರುತ್ತಾರೆ. ಕ್ರಯ ಮಾಡಿಕೊಡುವವರು "ಇರಲಿ ಬಿಡಿ" ಅಂದ ಮಂಚವನ್ನು "ಅದು ಅಜ್ಜಿ ನನಗೆ ಅಂತ ಇಟ್ಟದ್ದು" ಎಂದು ಇನ್ನೊಬ್ಬರು ಜೀಪು ತಂದು ಒಯ್ಯುವುದು ಹೊಸದಲ್ಲ. ಅಂಥ ವಸ್ತುವಿಗೆ ಪಟ್ಟು ಹಿಡಿಯಬೇಡಿ, ಬಿಟ್ಟುಕೊಡಿ. ಬದಲಿಗೆ ನಿಮಗೆ ನಿಜವಾಗಿ ಬೇಕಾದ್ದನ್ನು, ಅಂದರೆ ಮೋಟರು, ಯುಪಿಎಸ್, ಸೋಲಾರ್ ಇಂಥವನ್ನು ಕೇಳಿ ಪಡೆಯಿರಿ. ಅವರಿಗೆ ಅದರ ಮೇಲೆ ಮಮತೆಯಿಲ್ಲ, ನಿಮಗೆ ಮೊದಲ ಮಳೆಗೇ ಬೇಕು.

ಪಟ್ಟಿಯಲ್ಲಿ "ಫ್ಯಾನ್ 5" ಎಂದಷ್ಟೇ ಬರೆದರೆ ಸಾಲದು. ಕರಾರಿನ ದಿನ ಇದ್ದ ಹೊಸ ಫ್ಯಾನು ಕೀಲಿಕೈ ಕೊಡುವ ದಿನ ಕಿರುಗುಟ್ಟುವ ಹಳೆಯದಾಗಿ ಬದಲಾಗಿರುತ್ತದೆ. ಲೆಕ್ಕ ಮಾತ್ರ ಐದೇ. ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಬರೆಯಿರಿ. ಪ್ರತಿ ಕೋಣೆಯ ನಾಲ್ಕು ಗೋಡೆಯ ಫೋಟೋ ತೆಗೆದು ಅದೇ ದಿನ ಮಾರುವವರ ವಾಟ್ಸ್ಆ್ಯಪ್‌ಗೂ ಕಳಿಸಿ. ಮುದ್ರಿಸಿದ ಪಟ್ಟಿಗೆ ಇಬ್ಬರೂ ಪುಟಪುಟಕ್ಕೆ ಸಹಿ ಹಾಕಿ ಕರಾರಿಗೆ ಲಗತ್ತಿಸಬೇಕು. ಕರಾರಿನೊಳಗೆ ಇಷ್ಟು ಸಾಕು:

"ಲಗತ್ತಿಸಿದ 'ಅ' ಪಟ್ಟಿಯ ವಸ್ತುಗಳನ್ನು ಈ ದಿನ ಇರುವ ಸ್ಥಿತಿಯಲ್ಲೇ, ಬದಲಾಯಿಸದೆ, ಸ್ವಾಧೀನದ ದಿನ ಖರೀದಿದಾರರಿಗೆ ಒಪ್ಪಿಸತಕ್ಕದ್ದು. 'ಆ' ಪಟ್ಟಿಯ ವಸ್ತುಗಳನ್ನು ಮಾತ್ರ ಮಾರಾಟಗಾರರು ಒಯ್ಯತಕ್ಕದ್ದು. ತೆಗೆಯುವಾಗ ಗೋಡೆ, ನೆಲ, ವೈರಿಂಗ್‌ಗೆ ಆದ ಹಾನಿಯನ್ನು ತಮ್ಮ ಖರ್ಚಿನಲ್ಲಿ ಸರಿಪಡಿಸತಕ್ಕದ್ದು. 'ಅ' ಪಟ್ಟಿಯ ವಸ್ತು ಇಲ್ಲದಿದ್ದರೆ ಅದರ ಮುಂದೆ ನಮೂದಿಸಿದ ಬೆಲೆಯನ್ನು ಬಾಕಿ ಹಣದಿಂದ ಕಳೆಯತಕ್ಕದ್ದು."

ಕೊನೆಯ ವಾಕ್ಯವೇ ಹಲ್ಲು. ಪ್ರತಿ ವಸ್ತುವಿನ ಮುಂದೆ ಒಂದು ಬೆಲೆ ಇರಲಿ.

ಕಂಬ, ಐಮರಗಳ ಬಗ್ಗೆ ಇನ್ನೂ ಒಂದು ಎಚ್ಚರ. ಹಳೆ ಮರಗೆಲಸಕ್ಕೆ ಪೇಟೆಯ ವ್ಯಾಪಾರಿಗಳು ಒಳ್ಳೆಯ ಹಣ ಕೊಡುತ್ತಾರೆ. ಕರಾರಿಗೂ ನೋಂದಣಿಗೂ ನಡುವೆ ಎರಡು ಮೂರು ತಿಂಗಳು ಮನೆ ಖಾಲಿ ಬಿದ್ದಿದ್ದರೆ ಬಾಗಿಲು ರೆಕ್ಕೆ ಸಮೇತ ಕಾಣೆಯಾಗುವುದುಂಟು. ಆ ಅವಧಿಯಲ್ಲಿ ಸೊತ್ತನ್ನು ಜವಾಬ್ದಾರಿಯಿಂದ ನೋಡಿಕೊಳ್ಳುವುದು ಮಾರುವವರ ಕರ್ತವ್ಯ ಎಂದು ಅದೇ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆದರೆ ಏನಿತ್ತು ಎಂದು ತೋರಿಸಲು ನಿಮ್ಮಲ್ಲಿ ಫೋಟೋ ಇರಬೇಕು.

ಬೀಟೆಯ ಮಂಚಕ್ಕೆ ಹಣ ಕೊಡುವ ಮೊದಲು ಅದನ್ನು ತಿರುಗಿಸಿ ಹಾಕಿಸಿ. ಕಾಲಿನ ಅಡಿ, ಅಡ್ಡಪಟ್ಟಿಯ ಒಳಬದಿ, ಅಲ್ಮೇರಾದ ಹಿಂದಿನ ಹಲಗೆ ನೋಡಿ. ಸೂಜಿಮೊನೆಯಷ್ಟು ದುಂಡನೆ ತೂತು, ಕೆಳಗೆ ಹಿಟ್ಟಿನಂತಹ ಪುಡಿ ಇದ್ದರೆ ಹುಳ ಇನ್ನೂ ಒಳಗಿದೆ. ಎದುರಿಗೆ ಬೀಟೆ, ಹಿಂದೆ ಹಲಸು ಅಥವಾ ಕಾಡುಮರ ಹಾಕಿದ ಅಲ್ಮೇರಾಗಳು ಬಹಳ. ಹುಳ ಹಿಡಿಯುವುದು ಆ ಹಿಂಬದಿಗೇ. ಪೂರ್ತಿ ಬೀಟೆಯ ಬೆಲೆ ಕೊಡಬೇಡಿ.

ಪ್ರಶ್ನೆ: ಸಿದ್ದಾಪುರದ ಕಡೆ 3 ಎಕರೆ ತೋಟ, ಒಂದು ಮನೆ. ಡಿಸೆಂಬರ್‌ನಲ್ಲಿ ಕರಾರು, ಫೆಬ್ರವರಿಯಲ್ಲಿ ನೋಂದಣಿ. ಗಿಡದ ಮೇಲಿನ ಕಾಫಿ, ಮೆಣಸು ಯಾರಿಗೆ? ಸಿಲ್ವರ್ ಓಕ್ ಕಡಿದುಕೊಳ್ಳುತ್ತೇವೆ ಎಂದೂ ಹೇಳುತ್ತಿದ್ದಾರೆ. (ಗೋಣಿಕೊಪ್ಪಲು)

ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೋಬಸ್ಟಾ ಸುಮಾರಾಗಿ ಜನವರಿಯಿಂದ ಮಾರ್ಚ್‌ವರೆಗೆ, ಮೆಣಸು ಅದರ ಬೆನ್ನಿಗೆ. ಅಂದರೆ ನಿಮ್ಮ ಕರಾರು ಮತ್ತು ನೋಂದಣಿ ವರ್ಷದ ಇಡೀ ಆದಾಯದ ನಡುವೆಯೇ ಕೂತಿವೆ. ಕಾನೂನು ಬೆಳೆದು ನಿಂತ ಫಸಲನ್ನೂ, ಕಡಿಯುವ ಮರವನ್ನೂ ಸ್ಥಿರಾಸ್ತಿಯಲ್ಲಿ ಸೇರಿಸಿಲ್ಲ. ಆದ್ದರಿಂದ ಊಹೆಗೆ ಬಿಡದೆ, ಫಸಲು ಯಾರದು ಎಂದು ಬೆಳೆ ಬೆಳೆಯಾಗಿ ಬರೆಯಿರಿ.

ಫಸಲು ಅವರಿಗೇ ಬಿಟ್ಟರೆ ಬೆಲೆ ಇಳಿಯಬೇಕು, ಜೊತೆಗೆ ಮೂರು ಷರತ್ತು ಬೇಕು. ಕೊಯ್ಲು ಮುಗಿಸುವ ಕೊನೆಯ ದಿನ. ಹಣ್ಣು ಮಾತ್ರ ಬಿಡಿಸಬೇಕು, ಅವಸರಕ್ಕೆ ಹಸಿಕಾಯಿ ಸಮೇತ ರೆಂಬೆ ಎಳೆಯಬಾರದು. ಕೊಯ್ಲು ಮುಗಿಯುವಾಗ ಗಿಡದಲ್ಲೂ ನೆಲದಲ್ಲೂ ಕಾಯಿ ಉಳಿಸಬಾರದು. ಮೂರನೆಯದನ್ನು ಬಹುತೇಕರು ಮರೆಯುತ್ತಾರೆ. ಬಿಟ್ಟುಹೋದ ಕಾಯಿಯಲ್ಲೇ ಕಾಯಿಕೊರಕ ಹುಳ ಬದುಕಿದ್ದು ಮುಂದಿನ ಫಸಲಿಗೆ ಏರುತ್ತದೆ. ಜಾಗ ಬಿಟ್ಟು ಹೋಗುವವರಿಗೆ ಉದುರಿದ ಕಾಯಿ ಹೆಕ್ಕಿಸುವ ಕೂಲಿ ದಂಡ ಅನ್ನಿಸುತ್ತದೆ, ಹುಳದ ಕಾಟ ನಿಮ್ಮ ತಲೆಗೆ. ಮೆಣಸನ್ನು ಬಳ್ಳಿಯಲ್ಲಿರುವಾಗಲೇ ಗುತ್ತಿಗೆಗೆ ಕೊಟ್ಟು ಮುಂಗಡ ತೆಗೆದುಕೊಂಡಿದ್ದಾರಾ ಎಂದು ನೇರವಾಗಿ ಕೇಳಿ. ಕೊಟ್ಟಿದ್ದರೆ ಆ ಗುತ್ತಿಗೆದಾರ ನಿಮ್ಮ ಗೇಟಿಗೆ ಬಂದೇ ಬರುತ್ತಾನೆ.

ಮರಕ್ಕೆ ಬೇರೆ ಲೆಕ್ಕ. ಜಾಗ ರಿಡೀಮ್ಡ್ (ಮರದ ಬೆಲೆ ಸರಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಆಗಿದೆಯಾ ಇಲ್ಲವಾ ಎಂದು ದಾಖಲೆ ನೋಡಿ. ಅನ್‌ರಿಡೀಮ್ಡ್ ಜಾಗದಲ್ಲಿ ಮರದ ಹಕ್ಕು ಸರಕಾರದ್ದು. ಮಾರುವವರು "ಮರದ ಬೆಲೆಯೇ ಇಷ್ಟಾಗುತ್ತೆ" ಎಂದು ಸೇರಿಸಿ ಹೇಳಿದರೆ ಅವರದಲ್ಲದ ವಸ್ತುವನ್ನು ಮಾರುತ್ತಿದ್ದಾರೆ. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಲ್ಲಿ ಕಡಿಯಲು ಅನುಮತಿ ಬೇಡವೆಂದು ಹೇಳಿದ ಮರಗಳಲ್ಲಿ ಸಿಲ್ವರ್ ಓಕ್ ಇದೆ, ಹಾಗಾಗಿಯೇ ಎಲ್ಲರ ಕಣ್ಣೂ ಅದರ ಮೇಲೆ. ಆದರೆ ನಿಮ್ಮ ಮೆಣಸು ಹಬ್ಬಿರುವುದು ಅದರ ಮೇಲೇ, ಕಾಫಿಗೆ ನೆರಳೂ ಅದರದ್ದೇ. ಒಪ್ಪುವುದಾದರೆ ಬಳ್ಳಿ ಇಲ್ಲದ ಮರಗಳಿಗೆ ಮಾತ್ರ ಒಪ್ಪಿ. ಕಡಿಯುವ ಮರಕ್ಕೆ ಬಣ್ಣದಲ್ಲಿ ನಂಬರು, ಪಟ್ಟಿಯಲ್ಲಿ ಸುತ್ತಳತೆ, ಬೀಳಿಸುವಾಗ ಮುರಿದ ಕಾಫಿ ಗಿಡ ಒಂದಕ್ಕೆ ಇಷ್ಟು ಎಂಬ ಪರಿಹಾರ, ಇಷ್ಟೂ ಕರಾರಿನಲ್ಲಿರಲಿ.

ಸ್ಪ್ರಿಂಕ್ಲರ್ ಸೆಟ್ ಕೂಡ ಈ ಪಟ್ಟಿಗೇ ಸೇರಬೇಕು. ಪೈಪುಗಳು ನೆಲಕ್ಕೆ ಅಂಟಿಕೊಂಡಿಲ್ಲ, ಹಾಗಾಗಿ ಚರ ಸೊತ್ತು. ಫೆಬ್ರವರಿ–ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ನೀರು ಕೊಡುವ ಹೊತ್ತಿಗೆ ಅವರು ಪೈಪು ಹೊತ್ತೊಯ್ದರೆ ಬಾಡಿಗೆಗೂ ಸಿಗುವುದಿಲ್ಲ, ಆಗ ಎಲ್ಲರಿಗೂ ಬೇಕು. ಪೈಪು ಎಷ್ಟು ಉದ್ದದ್ದು ಎಷ್ಟು, ಜೆಟ್ ಎಷ್ಟು, ಬೆಂಡು, ಕಪ್ಲಿಂಗ್, ಎಂಜಿನ್ ಅಥವಾ ಮೋಟರಿನ ಎಚ್‌ಪಿ, ಫುಟ್‌ವಾಲ್ವ್ ಎಣಿಸಿ ಬರೆಯಿರಿ.

ಪ್ರಶ್ನೆ: ಮಾರುವವರು ವಯಸ್ಸಾದವರು, ಮಗನ ಜೊತೆ ಇರಲು ಬೆಂಗಳೂರಿಗೆ ಹೋಗುತ್ತಿದ್ದಾರೆ. ಗೋಡೆಯ ಮೇಲಿನ ಹಳೆ ಕೋವಿ, ಕಡವೆ ಕೊಂಬು, ಕಾಟಿ (ಕಾಡುಕೋಣ) ತಲೆ ಎಲ್ಲ "ಮನೆಗೆ ಶೋಭೆ, ಇರಲಿ" ಎಂದು ಬಿಡುತ್ತಿದ್ದಾರೆ. ಇಟ್ಟುಕೊಳ್ಳಬಹುದೇ? (ಪೊನ್ನಂಪೇಟೆ)

ಯಾವುದನ್ನೂ ಇಟ್ಟುಕೊಳ್ಳಬೇಡಿ. ಪುಕ್ಕಟೆ ಕೊಟ್ಟರೂ ಬೇಡ.

ಕೊಡವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿದೆ, ನಿಜ. ಆ ವಿನಾಯಿತಿ ಪತ್ರ ಅವರ ಹೆಸರಿನಲ್ಲಿದೆ, ಗೋಡೆಯ ಹೆಸರಿನಲ್ಲಿಲ್ಲ. ನಿಮ್ಮ ಹೆಸರಿಗೆ ಲೈಸೆನ್ಸ್ ಅಥವಾ ವಿನಾಯಿತಿ ಪತ್ರ ಇಲ್ಲದೆ ಆ ಕೋವಿ ನಿಮ್ಮ ಮನೆಯಲ್ಲಿದ್ದರೆ ಅಕ್ರಮ ಶಸ್ತ್ರಾಸ್ತ್ರ. ಅವರು ತಮ್ಮ ಜೊತೆ ಒಯ್ಯಲಿ, ಇಲ್ಲವೇ ಹಕ್ಕಿರುವ ಕುಟುಂಬದವರ ಹೆಸರಿಗೆ ಕ್ರಮಪ್ರಕಾರ ವರ್ಗಾಯಿಸಲಿ, ಅದೂ ಆಗದಿದ್ದರೆ ಠಾಣೆಯಲ್ಲಿ ಜಮಾ ಮಾಡಿ ರಸೀದಿ ಪಡೆಯಲಿ. ಕೋವಿ ಹೋದರೂ ಅಟ್ಟದ ಟ್ರಂಕಿನಲ್ಲೋ ಕಪಾಟಿನ ಮೂಲೆಯಲ್ಲೋ ತೋಟಾ (ಕೋವಿಯ ಗುಂಡು) ಉಳಿದಿರುತ್ತದೆ. ಅದೂ ಅಷ್ಟೇ ಅಪರಾಧ. ಕೀಲಿಕೈ ತೆಗೆದುಕೊಳ್ಳುವ ಮೊದಲು ಅಟ್ಟ ಹತ್ತಿ ನೋಡಿ.

ಕೊಂಬು, ತಲೆ, ಚರ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕೆಳಗೆ ಬರುತ್ತವೆ. ಅವರಲ್ಲಿ ಮಾಲೀಕತ್ವದ ಪ್ರಮಾಣಪತ್ರ ಇದ್ದರೂ ಅದು ಅವರಿಗೆ. 2003ರ ತಿದ್ದುಪಡಿಯ ನಂತರ ವಾರಸುದಾರಿಕೆಯಿಂದ ಬಂದದ್ದನ್ನು ಬಿಟ್ಟು ಬೇರೆ ಯಾವ ದಾರಿಯಿಂದಲೂ ಇವನ್ನು ಹೊಸಬರು ಪಡೆಯುವಂತಿಲ್ಲ. ನೀವು ವಾರಸುದಾರರಲ್ಲ. ಪ್ರಮಾಣಪತ್ರವೇ ಇಲ್ಲದಿದ್ದರೆ ಅವರು ವಕೀಲರನ್ನು ಕೇಳಿಕೊಂಡು ಅರಣ್ಯ ಇಲಾಖೆಗೆ ಒಪ್ಪಿಸುವುದು ಲೇಸು. ನಿಮ್ಮ ಕೆಲಸ ಇಷ್ಟೇ: "ಕೋವಿ, ಮದ್ದುಗುಂಡು, ವನ್ಯಪ್ರಾಣಿಯ ಯಾವುದೇ ಭಾಗ ಮನೆಯಲ್ಲಿ ಬಿಟ್ಟಿಲ್ಲ" ಎಂಬ ಸಾಲನ್ನು ಸ್ವಾಧೀನ ಪತ್ರದಲ್ಲಿ ಬರೆಸಿಕೊಳ್ಳಿ. ಹಿರಿಯರಿಗೆ ಬೇಜಾರಾಗದಂತೆ ಹೇಳಲು ಸ್ವಲ್ಪ ನಾಜೂಕು ಬೇಕು. "ನಮ್ಮ ಹೆಸರಿಗೆ ಪೇಪರ್ ಇಲ್ಲ ಅಂಕಲ್, ನಾಳೆ ನಿಮಗೂ ಕಿರಿಕಿರಿ ಆಗ್ತದೆ" ಅಂದರೆ ಸಾಕು, ಅವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ನಾಯಿಯೂ ಮನೆ ಜೊತೆಗೇ ಅಂತಿದ್ದಾರೆ. ಅದನ್ನೂ ಪಟ್ಟಿಯಲ್ಲಿ ಬರೆಯಬೇಕೇ? (ಸುಂಟಿಕೊಪ್ಪ)

ಬರೆಯಿರಿ. ಹೆಸರು, ವಯಸ್ಸು, ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ದಿನಾಂಕ, ಲಸಿಕೆ ಕಾರ್ಡ್ ಸಮೇತ. ಹಳೆ ಯಜಮಾನರು ಹೊರಡುವ ಮೊದಲು ನಾಲ್ಕೈದು ದಿನ ನೀವೇ ಹೋಗಿ ಅನ್ನ ಹಾಕಿ. ಇಲ್ಲದಿದ್ದರೆ ಗೃಹಪ್ರವೇಶದ ದಿನ ನಿಮ್ಮನ್ನೇ ಒಳಗೆ ಬಿಡುವುದಿಲ್ಲ.

ಪ್ರಶ್ನೆ: ಮಡಿಕೇರಿ ಹತ್ತಿರ ನಡೆಯುತ್ತಿರುವ ಹೋಂಸ್ಟೇ ಕೊಳ್ಳುತ್ತಿದ್ದೇವೆ. ಮನೆಗೆ 85 ಲಕ್ಷ, ಪೀಠೋಪಕರಣಕ್ಕೆ 4 ಲಕ್ಷ ಕೇಳುತ್ತಿದ್ದಾರೆ. ಎಲ್ಲ ಸೇರಿಸಿ 89ಕ್ಕೆ ಕ್ರಯಪತ್ರ ಮಾಡಿಸುವುದೋ, ಬೇರೆ ಬೇರೆಯೋ? 4 ಲಕ್ಷ ಜಾಸ್ತಿಯಾಯಿತೇ? (ಮೈಸೂರು)

ಬೇರೆ ಬೇರೆ. ಕ್ರಯಪತ್ರದಲ್ಲಿ ಕಾಣಿಸಿದ ಮೊತ್ತಕ್ಕೆಲ್ಲ ಮುದ್ರಾಂಕ ಶುಲ್ಕ ಬೀಳುತ್ತದೆ. ಗ್ರಾಮೀಣ ಪ್ರದೇಶದಲ್ಲಿ 4 ಲಕ್ಷದ ಮೇಲಿನ ಲೆಕ್ಕ ಹೀಗೆ: ಶುಲ್ಕ ಶೇ. 5, ಅಂದರೆ 20,000. ಆ ಶುಲ್ಕದ ಮೇಲೆ ಶೇ. 10 ಸೆಸ್ 2,000, ಶೇ. 3 ಸರ್ಚಾರ್ಜ್ 600. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದೆ, ಅದು 8,000. ಒಟ್ಟು 30,600 ರೂಪಾಯಿ, ಬರೀ ಮಂಚ ಕುರ್ಚಿಗೆ.

ಚರ ವಸ್ತುಗಳಿಗೆ ಪ್ರತ್ಯೇಕ ಮಾರಾಟ ರಸೀದಿ ಮಾಡಿ, ಪಟ್ಟಿ ಲಗತ್ತಿಸಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಆದರೆ ಇದನ್ನೇ ಹಿಡಿದುಕೊಂಡು "ಮನೆ 60, ಸಾಮಾನು 29" ಎಂದು ಬರೆಸಲು ಹೋಗಬೇಡಿ. ಮಾರ್ಗಸೂಚಿ ದರಕ್ಕಿಂತ ಕಡಿಮೆ ತೋರಿಸಿದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲೇ ನಿಲ್ಲುತ್ತದೆ, ಗೋಡೆಗೆ ಕೂರಿಸಿದ ವಾರ್ಡ್‌ರೋಬನ್ನು ಚರ ಸೊತ್ತು ಎಂದರೆ ಯಾರೂ ಒಪ್ಪುವುದಿಲ್ಲ. ಬ್ಯಾಂಕ್ ಸಾಲ ತೆಗೆದುಕೊಳ್ಳುತ್ತಿದ್ದರೆ ಈ 4 ಲಕ್ಷ ನಿಮ್ಮ ಕೈಯಿಂದಲೇ ಹೋಗಬೇಕು. ಬ್ಯಾಂಕು ಸಾಲ ಕೊಡುವುದು ಮನೆಗೆ, ಹಾಸಿಗೆಗಲ್ಲ. ಮನೆಯ ಬೆಲೆ 50 ಲಕ್ಷ ದಾಟಿರುವುದರಿಂದ ಶೇ. 1 ಟಿಡಿಎಸ್ ಹಿಡಿದು ಕಟ್ಟುವ ಹೊಣೆಯೂ ನಿಮ್ಮದೇ.

4 ಲಕ್ಷ ಜಾಸ್ತಿಯೇ ಎಂಬುದಕ್ಕೆ ಪಟ್ಟಿ ಕೇಳಿ, ಒಂದೊಂದಾಗಿ ನೋಡಿ. ಹಾಸಿಗೆಗೆ ಬೆಲೆ ಕಟ್ಟಬೇಡಿ. ಕೊಡಗಿನ ಮೂರು ನಾಲ್ಕು ಮಳೆಗಾಲ ಕಂಡ ಹಾಸಿಗೆಯ ಅಡಿಭಾಗ ಎತ್ತಿ ಮೂಸಿದರೆ ಗೊತ್ತಾಗುತ್ತದೆ; ಬೂಷ್ಟಿನ ಕಪ್ಪು ಚುಕ್ಕೆ ಇದ್ದರೆ ಅದನ್ನು ಸಾಗಿಸುವ ಖರ್ಚೂ ನಿಮ್ಮದೇ. ಬೆಡ್‌ಶೀಟ್, ಪರದೆ, ಪಾತ್ರೆ ಸೊನ್ನೆ. ಮರದ ಮಂಚ, ಊಟದ ಮೇಜು, ಎರಡು ಮೂರು ವರ್ಷದೊಳಗಿನ ಫ್ರಿಜ್, ವಾಷಿಂಗ್ ಮೆಷಿನ್‌ಗೆ ಬಿಲ್ಲು ತೋರಿಸಿದರೆ ಇಂದಿನ ಹೊಸ ಬೆಲೆಯ ಅರ್ಧ ಕೊಡಬಹುದು. ಬಿಲ್ಲಿಲ್ಲದಿದ್ದರೆ ಮೂರನೇ ಒಂದು ಭಾಗ ಸಾಕು. ಮಾರುವವರಿಗೆ ಇವನ್ನು ಇಳಿಸಿ ಸಾಗಿಸುವುದೇ ತಲೆನೋವು ಎಂಬುದನ್ನು ಮರೆಯಬೇಡಿ. ಮಾತುಕತೆಯ ಕೊನೆಯ ಹಂತದಲ್ಲಿ ಸುಮ್ಮನೆ ಎರಡು ದಿನ ಕಾದರೆ ಅರ್ಧ ಬೆಲೆಗೆ ಇಳಿಯುವುದು ಈ ಸಾಮಾನೇ.

ನೀವು ನಿಜವಾಗಿ ಕೇಳಬೇಕಾದ್ದು ಕಣ್ಣಿಗೆ ಕಾಣದ ಸಾಮಾನು: ಹೋಂಸ್ಟೇ ಹೆಸರು, ಬುಕಿಂಗ್ ಆಗುವ ಫೋನ್ ನಂಬರ್, ಆನ್‌ಲೈನ್ ಪುಟಗಳ ಪಾಸ್‌ವರ್ಡ್, ಫೋಟೋಗಳು. ಇವೂ ಪಟ್ಟಿಯಲ್ಲಿರಲಿ. ಸ್ವಾಧೀನದ ನಂತರದ ದಿನಾಂಕಗಳಿಗೆ ಅತಿಥಿಗಳಿಂದ ಮುಂಗಡ ಪಡೆದಿದ್ದರೆ ಅದನ್ನು ಬಾಕಿ ಹಣದಲ್ಲಿ ಕಳೆಯಬೇಕು. ಇಲ್ಲದಿದ್ದರೆ ಡಿಸೆಂಬರ್ ಕೊನೆಯ ವಾರಕ್ಕೆ ಹಣ ಅವರಿಗೆ, ಅಡುಗೆ ನಿಮಗೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಅವರ ಹೆಸರಿನದು. ನಿಮ್ಮದನ್ನು ನೀವು ಮಾಡಿಸಿಕೊಳ್ಳಬೇಕು, ಅದಕ್ಕಾಗಿ ಅವರಿಗೆ ಹಣ ಕೊಡುವ ಅಗತ್ಯವಿಲ್ಲ.

ಪ್ರಶ್ನೆ: ಯುಪಿಎಸ್, ಸೋಲಾರ್ ವಾಟರ್ ಹೀಟರ್, ಬೋರ್‌ವೆಲ್ ಮೋಟರ್, ಆನೆಗೆ ಹಾಕಿದ ಸೋಲಾರ್ ಬೇಲಿ, ಎಲ್ಲ ಬಿಡುತ್ತಾರಂತೆ. ಸರಿಯಿದೆಯೋ ಇಲ್ಲವೋ ಹೇಗೆ ನೋಡುವುದು? (ಕುಶಾಲನಗರ)

ಯುಪಿಎಸ್: ಮೇನ್ ಸ್ವಿಚ್ ತೆಗೆದು ಮೂರು ಫ್ಯಾನು, ಆರು ಎಲ್‌ಇಡಿ ದೀಪ ಹಾಕಿಬಿಡಿ, ಕಾಫಿ ಕುಡಿಯುತ್ತ ಮಾತಾಡಿ. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಇಷ್ಟನ್ನು ಮೂರು ಗಂಟೆಯಾದರೂ ಎಳೆಯಬೇಕು. ಒಂದು ಗಂಟೆಯೊಳಗೆ ಕೂಗತೊಡಗಿದರೆ ಬ್ಯಾಟರಿಗೆ ಗುಜರಿ ಬೆಲೆ ಮಾತ್ರ.

ಸೋಲಾರ್ ಹೀಟರ್: ಗಾಜಿನ ಕೊಳವೆಯದಾದರೆ ಪ್ರತಿ ಕೊಳವೆಯ ಕೆಳತುದಿ ನೋಡಿ. ಬೆಳ್ಳಿಯ ಹೊಳಪಿದ್ದರೆ ಒಳಗಿನ ನಿರ್ವಾತ ಉಳಿದಿದೆ. ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿ ಹೊಕ್ಕಿದೆ, ಆ ಕೊಳವೆ ನೀರು ಕಾಯಿಸುವುದಿಲ್ಲ. 200 ಲೀಟರಿನ ಸೆಟ್ಟಿಗೆ ಸಾಮಾನ್ಯವಾಗಿ 20 ಕೊಳವೆ. ಎಷ್ಟು ಬಿಳಿಚಿವೆ ಎಣಿಸಿ ಅಷ್ಟರ ಬೆಲೆ ಕಳೆಯಿರಿ. ಜೂನ್‌ನಿಂದ ಆಗಸ್ಟ್‌ವರೆಗೆ ಇದರಿಂದ ಬಿಸಿನೀರು ಬರುವ ಆಸೆ ಬೇಡ, ಹಾಗಾಗಿ ಟ್ಯಾಂಕಿನೊಳಗಿನ ಕಾಯಿಲ್ ಬಿಸಿಯಾಗುತ್ತದೆಯಾ, ಬಚ್ಚಲಿನ ಸೌದೆ ಒಲೆ ಉಳಿಸಿದ್ದಾರಾ ಎಂದೂ ನೋಡಿ.

ಬೋರ್ ಮೋಟರ್ ಭೂಮಿಯೊಳಗಿದೆ, ಅದನ್ನು ಯಾರೂ ಸುಲಭಕ್ಕೆ ಎತ್ತಿಕೊಂಡು ಹೋಗುವುದಿಲ್ಲ. ಹೋಗುವುದು ಮೇಲಿನ ಸ್ಟಾರ್ಟರ್ ಬೋರ್ಡು. ಅದನ್ನು ಪ್ರತ್ಯೇಕವಾಗಿ ಬರೆಯಿರಿ. ಅರ್ಧ ಗಂಟೆ ಬಿಟ್ಟು ನೀರು ಸಣ್ಣಗಾಗುತ್ತದಾ, ಕೆಸರು ಬರುತ್ತದಾ ನೋಡಿ. ಆಗಸ್ಟ್‌ನಲ್ಲಿ ಕೊಡಗಿನ ಯಾವ ಬೋರೂ ಚೆನ್ನಾಗೇ ಇರುತ್ತದೆ. ಏಪ್ರಿಲ್‌ನಲ್ಲಿ ಹೇಗಿತ್ತು ಎಂದು ಲೈನ್‌ಮನೆಯ ಕೂಲಿಯವರನ್ನು ಕೇಳಿ. ಎಷ್ಟು ಅಡಿಗೆ ಇಳಿಸಿದ್ದಾರೆ, ಎಷ್ಟು ಎಚ್‌ಪಿ, ಕೊನೆಯ ಬಾರಿ ಎತ್ತಿದ್ದು ಯಾವಾಗ, ಈ ಮೂರನ್ನು ಈಗ ಕೇಳದಿದ್ದರೆ ಮುಂದೆ ಮೋಟರ್ ಸುಟ್ಟಾಗ ಹೇಳುವವರಿರುವುದಿಲ್ಲ. ವಿದ್ಯುತ್ ಕಂಪನಿ ಸೆಸ್ಕ್ ಮೀಟರಿನ ಆರ್‌ಆರ್ ನಂಬರ್ ಮನೆಗೆ ಬೇರೆ, ಮೋಟರಿಗೆ ಬೇರೆ ಇರಬಹುದು. ಎರಡರ ಬಾಕಿಯೂ ತೀರಿದ ರಸೀದಿ ಬೇಕು. ಡಿಪಾಸಿಟ್ ಹಣ ಅವರದು, ಅದನ್ನು ಕೊಟ್ಟುಬಿಟ್ಟು ಹೆಸರು ಬದಲಾವಣೆಗೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯಿರಿ.

ಬೇಲಿಯ ವಿಷಯದಲ್ಲಿ ಮೋಸ ಹೋಗುವವರು ಹೆಚ್ಚು. ನಾಲ್ಕೂ ಸುತ್ತ ತಂತಿ, ಕಂಬ, ಇನ್ಸುಲೇಟರ್ ಹಾಗೇ ಇರುತ್ತವೆ. ಶೆಡ್ಡಿನಲ್ಲಿದ್ದ ಎನರ್ಜೈಸರ್ ಪೆಟ್ಟಿಗೆ, ಬ್ಯಾಟರಿ, ಪ್ಯಾನೆಲ್ ಹೋಗಿರುತ್ತವೆ. ಅವು ಹೋದರೆ ಅದು ಬಟ್ಟೆ ಒಣಗಿಸುವ ತಂತಿ. ಪೆಟ್ಟಿಗೆಯ ಮಾಡೆಲ್ ಬರೆದುಕೊಳ್ಳಿ, ಸೆಕೆಂಡಿಗೆ ಒಂದರಂತೆ ಟಿಕ್ ಟಿಕ್ ಬಡಿತ ಕೇಳಿ, ಶೆಡ್ಡಿನಿಂದ ಅತಿ ದೂರದ ಮೂಲೆಯಲ್ಲಿ ಫೆನ್ಸ್ ಟೆಸ್ಟರ್ ಇಟ್ಟು ವೋಲ್ಟೇಜ್ ನೋಡಿ. ಪೆಟ್ಟಿಗೆಯ ಹತ್ತಿರ ಚೆನ್ನಾಗಿದ್ದು ದೂರದಲ್ಲಿ ಬಿದ್ದುಹೋಗಿದ್ದರೆ ಎಲ್ಲೋ ಗಿಡ ತಂತಿಗೆ ತಾಗುತ್ತಿದೆ, ಇನ್ಸುಲೇಟರ್ ಒಡೆದಿದೆ ಅಥವಾ ಅರ್ತಿಂಗ್ ಸರಿಯಿಲ್ಲ. ಮನೆಯ ಕರೆಂಟನ್ನು ನೇರವಾಗಿ ಬೇಲಿಗೆ ಕೊಟ್ಟ ವೈರು ಕಂಡರೆ ಅಂದೇ ಕಿತ್ತಿಸಿ. ಅದು ಅಪರಾಧ, ಆನೆಗೂ ಮನುಷ್ಯರಿಗೂ ಸಾವು.

ಪ್ರಶ್ನೆ: ಮನೆಗೆ ನೀರು ಮೇಲಿನ ತೋಟದ ಉಜಿರು (ಒರತೆ) ಗುಂಡಿಯಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುತ್ತದೆ. "ಪೈಪ್ ನಿಮಗೇ ಬಿಡ್ತೇವೆ" ಅಂದಿದ್ದಾರೆ. (ನಾಪೋಕ್ಲು)

ಪೈಪ್ ಬಿಟ್ಟರೆ ಏನು ಬಂತು, ನೀರು ಬಿಡುವವರು ಮೇಲಿನವರು. ಅವರು ಸ್ನೇಹಕ್ಕೆ ಕೊಟ್ಟ ಬರೀ ಅನುಮತಿಯಾಗಿದ್ದರೆ ಮನೆ ಮಾರಿದಾಗ ಅದು ನಿಮಗೆ ದಾಟುವುದಿಲ್ಲ. ನಾಳೆ ಬೇಡ ಎಂದರೆ ಮುಗಿಯಿತು. ಹಕ್ಕಾಗಿ, ಬಹಿರಂಗವಾಗಿ, ತಡೆಯಿಲ್ಲದೆ 20 ವರ್ಷ ಬಳಸಿದ್ದರೆ ಅನುಭೋಗದ ಹಕ್ಕು ಕೇಳಬಹುದು, ಆದರೆ ಅದನ್ನು ಸಾಬೀತು ಮಾಡಲು ಕೋರ್ಟೇ ಬೇಕು. ಮುಂಗಡ ಕೊಡುವ ಮೊದಲು ಮಾರುವವರನ್ನು ಕರೆದುಕೊಂಡು ಮೇಲಿನ ತೋಟದವರ ಮನೆಗೆ ಹೋಗಿ. ನೀರು ತೆಗೆಯುವ ಜಾಗ, ಪೈಪ್ ಹಾದಿ, ರಿಪೇರಿಗೆ ಒಳಬರುವ ಅವಕಾಶ, ಬೇಸಿಗೆಯಲ್ಲಿ ಪಾಳಿ, ಇಷ್ಟನ್ನು ಬರೆದು ಅವರ ಸಹಿಯೊಂದಿಗೆ ನೋಂದಾಯಿಸಿದರೆ ಉತ್ತಮ. ಅವರು ಒಪ್ಪದಿದ್ದರೆ ಹೊಸ ಬೋರಿನ ಖರ್ಚನ್ನು ಮನೆಯ ಬೆಲೆಯಿಂದ ಕಳೆದು ಮಾತಾಡಿ.

ಪ್ರಶ್ನೆ: ನಾವು ಮಾರುವವರು. ನಡುಮನೆಯ ತೂಗುದೀಪವನ್ನು ಒಯ್ಯಬೇಕು. ಜಾಗದ ಮೂಲೆಯಲ್ಲಿ ಒಕ್ಕದ (ಮನೆತನದ) ಕೈಮಡವೂ (ಹಿರಿಯರ ಗುಡಿ) ಇದೆ. ಕೊಳ್ಳುವವರು "ಇದ್ದದ್ದೆಲ್ಲ ನಮಗೆ" ಅನ್ನುತ್ತಿದ್ದಾರೆ. (ಭಾಗಮಂಡಲ)

ದೀಪವನ್ನು ಒಯ್ಯುವ ಪಟ್ಟಿಯಲ್ಲಿ ಮೊದಲ ಸಾಲಿಗೆ ಬರೆಯಿರಿ, ಮನೆ ತೋರಿಸುವ ಮೊದಲೇ ಇಳಿಸಿದರೆ ಇನ್ನೂ ಒಳ್ಳೆಯದು. ಕಾಣದ ವಸ್ತುವನ್ನು ಯಾರೂ ಕೇಳುವುದಿಲ್ಲ. ಕೊಂಡಿ ಮಾತ್ರ ತೊಲೆಯಲ್ಲೇ ಇರಲಿ, ಕಿತ್ತರೆ ಮರ ಸೀಳುತ್ತದೆ.

ಕೈಮಡ ಹಾಗಲ್ಲ. ಅದು ನಿಮ್ಮೊಬ್ಬರದಲ್ಲ, ಒಕ್ಕದವರೆಲ್ಲ ಕಾರಣರಿಗೆ, ಅಂದರೆ ಪೂರ್ವಜರಿಗೆ, ಎಡೆ ಇಡಲು ಬರುವ ಜಾಗ. ಒಕ್ಕದ ಹಿರಿಯರನ್ನು ಕೂರಿಸಿ ಮಾತಾಡಿ, ಸರ್ವೆ ಮಾಡಿಸಿ ಕೈಮಡವನ್ನೂ ಅದಕ್ಕೆ ಹೋಗುವ ದಾರಿಯನ್ನೂ ಅಳತೆ ಸಮೇತ ಮಾರಾಟದಿಂದ ಹೊರಗಿಡಿ. ಕ್ರಯಪತ್ರದ ಷೆಡ್ಯೂಲ್‌ನಲ್ಲಿ ದಾರಿಯ ಅಗಲ ಅಡಿಗಳಲ್ಲಿ ಬರಲಿ. "ದಾರಿ ಬಿಡತಕ್ಕದ್ದು" ಎಂದಷ್ಟೇ ಬರೆದ ಕಡೆ ಹತ್ತು ವರ್ಷದಲ್ಲಿ ಗೇಟು ಬಿದ್ದಿರುತ್ತದೆ.

ಪ್ರಶ್ನೆ: ಗ್ಯಾಸ್ ಸಿಲಿಂಡರ್ ಎರಡು ಬಿಟ್ಟುಹೋಗುತ್ತಾರಂತೆ, 5 ಸಾವಿರ ಕೇಳುತ್ತಿದ್ದಾರೆ. (ಸೋಮವಾರಪೇಟೆ)

ಕೊಡಬೇಡಿ. ಸಿಲಿಂಡರ್, ರೆಗ್ಯುಲೇಟರ್ ಎರಡೂ ತೈಲ ಕಂಪನಿಯ ಸೊತ್ತು, ಡಿಪಾಸಿಟ್ ಕೊಟ್ಟು ಇಟ್ಟುಕೊಂಡದ್ದು. ಅವರು ಏಜೆನ್ಸಿಗೆ ಒಪ್ಪಿಸಿ ತಮ್ಮ ಡಿಪಾಸಿಟ್ ವಾಪಸ್ ಪಡೆಯಲಿ, ನೀವು ನಿಮ್ಮ ಹೆಸರಿಗೆ ಹೊಸ ಕನೆಕ್ಷನ್ ಮಾಡಿಸಿ. ಒಲೆ ಚೆನ್ನಾಗಿದ್ದರೆ ಅದನ್ನು ಕೊಳ್ಳಬಹುದು. ಕಿತ್ತಳೆ ಬಣ್ಣದ ಪೈಪಿನ ಮೇಲೆ ಅಚ್ಚಾದ ವರ್ಷ ನೋಡಿ, 5 ವರ್ಷ ದಾಟಿದ್ದರೆ ಹೊಸದು ಹಾಕಿಸಿ.